ಕೊತ್ತಂಬರಿ ಬೀಜದಷ್ಟು ಹೂವು

ಹೆಡ್ಲಿ ಟ್ರೆಗೆನ್ಜಾ ನೌಕಾದಳದಿಂದ ಕಮಾಂಡರ್ ಆಗಿ ನಿವೃತ್ತನಾಗಿ ಹದಿನೈದು ವರ್ಷ ಕಳೆದಿತ್ತು. ಆ ಹದಿನೈದು ವರ್ಷವೂ, ಅದಕ್ಕೆ ಮುಂಚಿನ ಇಪ್ಪತ್ತೇಳು ವರ್ಷವೂ, ತನ್ನ ಪದಕಗಳ ಎರಡು ಪೆಟ್ಟಿಗೆಗಳು ಒಂದೇ ಮೇಜಿನ ಮೇಲೆ ಬರದಂತೆ ಅವನು ನೋಡಿಕೊಂಡಿದ್ದ.

ದೊಡ್ಡ ಪೆಟ್ಟಿಗೆಯಲ್ಲಿದ್ದವು ಸರಕಾರ ಕೊಟ್ಟ ಪದಕಗಳು. ಹಗಲಿನ ಪರೇಡಿಗೆ ಹಾಕುವಂಥವು. ಒಂದೊಂದರ ಅಂಚಿನಲ್ಲೂ ಪಡೆದವನ ಹೆಸರು ಕೆತ್ತಿರುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿದ್ದವು ಅವುಗಳ ಮರಿಗಳು, ಸಂಜೆಯ ಔತಣಕ್ಕೆ ಕರಿ ಕೋಟಿನ ಮೇಲೆ ಸಿಕ್ಕಿಸಿಕೊಳ್ಳುವ ಪುಟ್ಟ ಪದಕಗಳು. ಇವನ್ನು ಯಾರೂ ಕೊಡುವುದಿಲ್ಲ. ಅಧಿಕಾರಿಯೇ ಅಂಗಡಿಗೆ ಹೋಗಿ, ಕೊಂಡು, ಸಾಲಾಗಿ ಹೊಲಿಸಿಕೊಳ್ಳಬೇಕು. ಇವುಗಳ ಅಂಚಿನಲ್ಲಿ ಹೆಸರಿರುವುದಿಲ್ಲ. ಯಾರು ಹಾಕಿಕೊಂಡರೆ ಅವರವು.

ಪರೇಡಿಗೆ ಹೋಗದಿದ್ದರೆ ದೊಡ್ಡ ಪೆಟ್ಟಿಗೆ ತೆರೆಯುವ ಪ್ರಸಂಗವೇ ಬರುವುದಿಲ್ಲ. ಹೆಡ್ಲಿಗೆ ಮಂಡಿನೋವಿತ್ತು. ಮಂಡಿ ನೋಯದ ಕಾಲದಿಂದಲೂ ಇತ್ತು.

ಮೇ ತಿಂಗಳ ಆ ಶನಿವಾರ ಮಧ್ಯಾಹ್ನ ಎರಡಕ್ಕೆ ಬಾರ್ನಿ ರೌಸೆಲ್ ಗಾಸ್‌ಪೋರ್ಟಿನಲ್ಲಿದ್ದ ಹೆಡ್ಲಿಯ ಅಡುಗೆಮನೆಗೆ ಹಿತ್ತಿಲ ಬಾಗಿಲಿನಿಂದಲೇ ನುಗ್ಗಿ, ಕಂಕುಳಲ್ಲಿದ್ದ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಬಿಚ್ಚಿದರೆ ಎರಡೂ ಪೆಟ್ಟಿಗೆಗಳು ಅಕ್ಕಪಕ್ಕದಲ್ಲಿ ಕೂತಿದ್ದವು. ಹೆಡ್ಲಿ ಟೀ ಬಟ್ಟಲನ್ನು ಕೆಳಗಿಟ್ಟ.

"ನಿಮಗೆ ಗೊತ್ತಾಗದ ಹಾಗೆ ಮಾಡೋಣ ಅಂತಿದ್ದೆ ಅಂಕಲ್," ಅಂದ ಬಾರ್ನಿ. "ನಿಮ್ಮ ಪದಕದ ರಿಬ್ಬನ್ನು ನೋಡಿದ್ದೀರಾ? ನಮ್ಮ ದೋಣಿಯಲ್ಲಿ ನೆಲ ಒರೆಸೋ ಬಟ್ಟೆ ಅದಕ್ಕಿಂತ ಚೆನ್ನಾಗಿದೆ. ಇವತ್ತು ಸಂಜೆ ಅಪ್ಪನ ಹಡಗಿನ ನೆನಪಿನ ಊಟಕ್ಕೆ ನನ್ನ ಪಕ್ಕ ಕೂರೋರು, ಒಂದಿಷ್ಟು ಮರ್ಯಾದೆಯಾಗಿ ಕಾಣಲಿ ಅಂತ ಹಿಲರಿ ಆಂಟಿ ಹತ್ರ ಇಸ್ಕೊಂಡು ಹೋಗಿ ಹೊಸದಾಗಿ ಹೊಲಿಯೋಕೆ ಕೊಟ್ಟಿದ್ದೆ. ಆ ಹೆಂಗಸು ಏನು ಮಾಡಿದ್ದಾಳೆ ನೋಡಿ."

ಬಾರ್ನಿಗೆ ನಲವತ್ತೊಂದು ವರ್ಷ. ಗಾಸ್‌ಪೋರ್ಟಿನಿಂದ ಪೋರ್ಟ್ಸ್‌ಮತ್‌ಗೆ ಬಂದರು ದಾಟಿಸುವ ದೋಣಿಯಲ್ಲಿ ಚಾಲಕ. ಅವನ ತಂದೆ ಪಿಯರ್ಸ್, ಹೆಡ್ಲಿಯ ಗೆಳೆಯ. ಸಾವಿರದ ಒಂಬೈನೂರ ಎಂಬತ್ತೆರಡರ ಫಾಕ್‌ಲೆಂಡ್ ಯುದ್ಧದಲ್ಲಿ ಮೆರಿವೇಲ್ ಎಂಬ ಹಡಗಿನೊಂದಿಗೆ ಮುಳುಗಿದವನು. ಬಾರ್ನಿ ಹುಟ್ಟಿದ್ದು ಅದಾದ ಐದು ತಿಂಗಳಿಗೆ. ನಾಮಕರಣದ ದಿನ ಕೂಸನ್ನು ಎತ್ತಿಕೊಂಡು ನಿಂತವನು ಹೆಡ್ಲಿ. ಸೈಕಲ್ ಕಲಿಸಿದ್ದು, ಶಾಲೆಯ ಹೆಡ್‌ಮಾಸ್ಟರ ಮುಂದೆ ತಲೆತಗ್ಗಿಸಿ ನಿಂತದ್ದು, ಮೊದಲ ಸಲ ಕುಡಿದು ಬಂದಾಗ ಬಕೆಟ್ ಹಿಡಿದದ್ದು, ಎಲ್ಲವೂ ಹೆಡ್ಲಿಯೇ. ಅವನಿಗೂ ಹೆಂಡತಿ ಹಿಲರಿಗೂ ಬೇರೆ ಮಕ್ಕಳಿರಲಿಲ್ಲ.

ಬಾರ್ನಿ ಚಿಕ್ಕ ಪೆಟ್ಟಿಗೆಯ ಮುಚ್ಚಳ ಎತ್ತಿದ. ನಾಲ್ಕು ಪುಟ್ಟ ಪದಕಗಳು ಹೊಸ ರಿಬ್ಬನ್ನಿನಲ್ಲಿ ಹೊಳೆಯುತ್ತ ನೇತಾಡುತ್ತಿದ್ದವು. ಮೊದಲನೆಯದರ ನೀಲಿ, ಬಿಳಿ, ಹಸಿರು ಪಟ್ಟೆಯ ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಲಕೋಟೆ. ಅದನ್ನು ಅವನು ಅಂಗೈಗೆ ಕೊಡವಿಕೊಂಡ. ಕೊತ್ತಂಬರಿ ಬೀಜದಷ್ಟು ಪುಟ್ಟ, ಬೆಳ್ಳಿ ಬಣ್ಣದ ಲೋಹದ ಹೂವೊಂದು ಬಿತ್ತು.

"ಕಿತ್ತು ಹಾಕಿದ್ದಾಳೆ ಅಂಕಲ್. ಚೀಟಿ ಬೇರೆ ಬರೆದಿದ್ದಾಳೆ." ಓದಿದ: "'ದೊಡ್ಡ ಪದಕದಲ್ಲಿ ಹೂವಿಲ್ಲ. ಚಿಕ್ಕದನ್ನು ಅದಕ್ಕೆ ತಕ್ಕಂತೆ ಸರಿಪಡಿಸಿದೆ.' ಸರಿಪಡಿಸಿದಳಂತೆ. ನಾನು ಅಲ್ಲೇ ಜಗಳ ಆಡಿದೆ. ದೊಡ್ಡದರಿಂದ ಹೂವು ಎಲ್ಲೋ ಉದುರಿ ಹೋಗಿರಬೇಕು ಕಣಮ್ಮ, ಆ ಮನುಷ್ಯ ಕೆಳಗೆ ಹೋಗಿದ್ದವರು, ನಮ್ಮಪ್ಪನ ಪಕ್ಕದ ಹಡಗಲ್ಲಿದ್ದವರು ಅಂದೆ. ಕೇಳಲಿಲ್ಲ. ಪದಕದವರನ್ನೇ ಕರ್ಕೊಂಡು ಬನ್ನಿ ಅಂದಳು. ನಾಲ್ಕು ಗಂಟೆಗೆ ಬಾಗಿಲು ಹಾಕ್ತಾಳಂತೆ. ಹೊರಡಿ."

ಕೆಳಗೆ ಎಂದರೆ ದಕ್ಷಿಣಕ್ಕೆ, ಯುದ್ಧ ನಡೆದ ಸಮುದ್ರಕ್ಕೆ. ಅಲ್ಲಿಗೆ ಹೋಗಿಬಂದವರ ಪದಕಕ್ಕೆ ಮಾತ್ರ ಹೂವು. ಅರ್ಧ ದಾರಿಯಲ್ಲಿ, ಅಸೆನ್ಷನ್ ದ್ವೀಪದಲ್ಲಿ ಕೂತು ಸಾಮಾನು ಸಾಗಿಸಿದವರಿಗೂ ಅದೇ ಪದಕವೇ ಸಿಕ್ಕಿತು. ಹೂವು ಸಿಗಲಿಲ್ಲ.

"ಕೋಟು ತಗೊಂಡು ಬರ್ತೀನಿ," ಅಂದು ಹೆಡ್ಲಿ ಒಳಗೆ ಹೋದ. ಮಲಗುವ ಕೋಣೆಯಲ್ಲಿ ಹಿಲರಿ ಅವನ ಔತಣದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ಎರಡೂ ಪೆಟ್ಟಿಗೆ ಯಾಕೆ ಕೊಟ್ಟೆ?" ಎಂದ ಮೆಲ್ಲಗೆ.

"ಎರಡೂ ನಿನ್ನವೇ ತಾನೆ."

"ಹಿಲರಿ."

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಆ ದೊಡ್ಡ ಪೆಟ್ಟಿಗೆ ಮನೆ ಬದಲಾಯಿಸಿದಾಗೆಲ್ಲ ನಿನ್ನ ಸ್ವೆಟರಿನ ಕೆಳಗೇ ಬರುತ್ತೆ. ಒಂಬತ್ತು ಮನೆ ಬದಲಾಯಿಸಿದ್ದೀವಿ. ಒಂಬತ್ತು ಸಲ ನಾನೇ ಎತ್ತಿಟ್ಟಿದ್ದೀನಿ. ಇವತ್ತು ಆ ಹುಡುಗ ಎಪ್ಪತ್ತು ಜನರ ಮುಂದೆ ನಿಂತು ಅವರಪ್ಪ ಟೋಪಿ ಬೀಸಿದ ಕಥೆ ಹೇಳ್ತಾನೆ. ನೀನು ಪಕ್ಕದಲ್ಲಿ ಕೂತು ತಲೆ ಆಡಿಸ್ತೀಯ. ನಾನು ಎದುರಿಗೆ ಕೂತು ಅದನ್ನ ನೋಡಬೇಕು. ನನಗೆ ಸಾಕಾಗಿದೆ, ಕಮಾಂಡರ್ ಸಾಹೇಬರೇ."

"ಹೇಳಿದರೆ ಅವನು ಮತ್ತೆ ಈ ಮನೆಗೆ ಬರೋದಿಲ್ಲ."

"ಬರದೇ ಇರಬಹುದು," ಅಂದಳು. ಅಂಗಿಯ ಇನ್ನೊಂದು ತೋಳು ಹರವಿಕೊಂಡಳು.

ದೋಣಿಗೆ ಬಾರ್ನಿಯ ಜೊತೆ ಹತ್ತಿದರೆ ಯಾರೂ ಟಿಕೆಟ್ ಕೇಳುವುದಿಲ್ಲ. ಬದಲಿಗೆ ಮಾತು ಕೇಳಬೇಕು. "ರಜೆ ದಿನವೂ ಇಲ್ಲೇ ಬಂದೆಯಲ್ಲೋ," ಅಂದಳು ಹಗ್ಗ ಎಸೆಯುವ ಟ್ರಿಶ್. "ಹೆಂಡತಿ ಮನೆಯಿಂದ ಓಡಿಸಿದಳಾ?"

"ನೀನು ಹಗ್ಗ ಸರಿಯಾಗಿ ಕಟ್ಟು. ಹೋದ ವಾರ ಒಬ್ಬ ಪಾದ್ರಿಯನ್ನ ನೀರಿಗೆ ಬೀಳಿಸ್ತಿದ್ದೆ."

"ಈಜು ಬರುತ್ತಾ ಅಂತ ನೋಡಿದೆ ಅಷ್ಟೆ."

ಆಚೆ ದಡಕ್ಕೆ ನಾಲ್ಕೇ ನಿಮಿಷ. ಮಡಿಲಲ್ಲಿ ಪೊಟ್ಟಣ ಇಟ್ಟುಕೊಂಡು ಕೂತ ಹೆಡ್ಲಿಗೆ ತನ್ನ ಇಡೀ ನೌಕರಿ ಅದರೊಳಗೆ ನಾಲ್ಕು ನಾಣ್ಯದಂತೆ ಕಿಣಿಕಿಣಿ ಎನ್ನುವುದು ಕೇಳಿಸುತ್ತಿತ್ತು. ನಾಲ್ಕನೆಯದು ರಾಣಿ ಪಟ್ಟಕ್ಕೆ ಬಂದ ಐವತ್ತನೆಯ ವರ್ಷದ್ದು. ನೌಕರಿಯಲ್ಲಿ ಐದು ವರ್ಷ ಕಳೆದವರಿಗೆಲ್ಲ ಕೊಟ್ಟದ್ದು, ಅದಕ್ಕೆ ಅವನ ಮನಸ್ಸಿನಲ್ಲಿ ಮುಳ್ಳಿರಲಿಲ್ಲ. ಮೂರನೆಯದು ಯುಗೊಸ್ಲಾವಿಯ ಒಡೆದಾಗ ಏಡ್ರಿಯಾಟಿಕ್ ಸಮುದ್ರದಲ್ಲಿ ಕಾವಲಿದ್ದುದಕ್ಕೆ. ಹಿಲರಿಗೆ ಶಸ್ತ್ರಚಿಕಿತ್ಸೆ ಇದ್ದ ತಿಂಗಳು ಅದು; ಕರೆಯದಿದ್ದರೂ ತಾನಾಗಿ ಕೇಳಿಕೊಂಡು ಹೋಗಿದ್ದ. ಎರಡನೆಯದು ತೊಂಬತ್ತೊಂದರ ಕೊಲ್ಲಿ ಯುದ್ಧದ್ದು. ಅದಕ್ಕೂ ಮೇಲಧಿಕಾರಿಯ ಬಾಗಿಲು ಕಾದು, ಕಾಡಿ ಬೇಡಿ ಹೋಗಿದ್ದ. ಕ್ಷಿಪಣಿ ಬರುತ್ತದೆ ಎಂದು ಗಂಟೆ ಹೊಡೆದಾಗ ಉಳಿದವರೆಲ್ಲ ಬೆವರಿದರೆ ಅವನಿಗೆ ಒಂದು ಬಗೆಯ ನಿರಾಳ. ಕ್ಷಿಪಣಿ ಬರಲಿಲ್ಲ. ಮೊದಲನೆಯದರ ಮೇಲಿದ್ದ ಆ ಹೂವಿಗೆ ಬೆಲೆ ತೆರಲೆಂದೇ ನಡುವಿನ ಎರಡನ್ನೂ ಸಂಪಾದಿಸಿದ್ದ. ಬೆಲೆ ಸಂದಿರಲಿಲ್ಲ.

ಏಕೆಂದರೆ ಚಿಕ್ಕ ಪೆಟ್ಟಿಗೆಯ ಆ ಮೊದಲನೆಯದು ಅವನದೇ ಆಗಿರಲಿಲ್ಲ.

ಪಿಯರ್ಸ್‌ನ ಹೆಂಡತಿ ಐಲೀನ್ ಅದನ್ನು ಕೊಂಡವಳು. ಸತ್ತವರಿಗೆ ದೊಡ್ಡ ಪದಕ ಅಂಚೆಯಲ್ಲಿ ಮನೆಗೆ ಬರುತ್ತದೆ. ಚಿಕ್ಕದು ಯಾರಿಗೆ ಬೇಕು? ಆದರೂ ಅವಳು ಅಂಗಡಿಗೆ ಹೋಗಿ ಹೂವಿನ ಸಮೇತ ಕೊಂಡಿದ್ದಳು. ಬಾರ್ನಿಯ ನಾಮಕರಣದ ದಿನ ಹೆಡ್ಲಿಯ ಕೈಗಿಟ್ಟು, "ಊಟಕ್ಕೆ ಹೋಗೋದು ಅಂದರೆ ಅವರಿಗೆ ಎಷ್ಟು ಇಷ್ಟ ನಿಮಗೆ ಗೊತ್ತಲ್ಲ. ನೀವು ಹೋಗುವಾಗ ಕರ್ಕೊಂಡು ಹೋಗಿ," ಅಂದಿದ್ದಳು. ಹೆಡ್ಲಿ ಆಗಿನ್ನೂ ತನ್ನದನ್ನು ಕೊಂಡಿರಲಿಲ್ಲ. ಮುಂದಿನ ಔತಣಕ್ಕೆ ಗೆಳೆಯನದನ್ನೇ ಎದೆಗೆ ಸಿಕ್ಕಿಸಿಕೊಂಡು ಹೋದ. ಆ ಸಂಜೆ ಒಬ್ಬ ಹಿರಿಯ ಕ್ಯಾಪ್ಟನ್ ಬಗ್ಗಿ ಹೂವನ್ನು ನೋಡಿ, "ಓ, ಕೆಳಗೆ ಹೋಗಿದ್ದೆಯಾ ನೀನು," ಎಂದು ಬೆನ್ನು ತಟ್ಟಿದ. ಇಲ್ಲ ಎನ್ನಲು ಒಂದು ಉಸಿರಿನಷ್ಟು ಸಮಯವಿತ್ತು. "ಹೌದು ಸರ್," ಅಂದ ಹೆಡ್ಲಿ.

ಆಮೇಲೆ ಬಾರ್ನಿ ಒಂಬತ್ತು ವರ್ಷದವನಿದ್ದಾಗ ಇದೇ ಹೂವನ್ನು ಬೆರಳಿನಿಂದ ಮುಟ್ಟಿ ಕೇಳಿದ್ದ: ನೀವೂ ಅಲ್ಲಿದ್ರಾ? ಅಪ್ಪನ್ನ ನೋಡಿದ್ರಾ? ಶಾಲೆಯಲ್ಲಿ ಯಾರೋ, ನಿಮ್ಮಪ್ಪ ಹೆದರಿ ಅಳ್ತಾ ಸತ್ತ ಅಂದಿದ್ದರು. ಮಗು ಅಳುತ್ತಿತ್ತು. ಹೆಡ್ಲಿ ಹೇಳಿದ್ದ: ನೋಡಿದೆ ಮರಿ. ನಾನು ಪಕ್ಕದ ಹಡಗಲ್ಲಿದ್ದೆ. ಆವತ್ತು ಬೆಳಿಗ್ಗೆ ಅವನು ಡೆಕ್ಕಿನ ಮೇಲೆ ನಿಂತು ನನ್ನ ಕಡೆ ಟೋಪಿ ಬೀಸಿದ. ನಗ್ತಾ ಇದ್ದ.

ಪದಕ ಹೊಲಿಯುವ ಮಿಸ್ ಟೀಗ್‌ಳ ಅಂಗಡಿ ಪೋರ್ಟ್ಸ್‌ಮತ್‌ನ ಹಳೆಯ ಬೀದಿಯೊಂದರಲ್ಲಿತ್ತು. ಒಂದು ಮೇಜು, ಒಂದು ದೀಪ, ಗೋಡೆ ತುಂಬ ರಿಬ್ಬನ್ ಸುರುಳಿಗಳು. ಅವಳು ಅರವತ್ತರ, ಸಣಕಲು ಮೈಯ ಹೆಂಗಸು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆ ಎತ್ತಿದಳು.

"ಕರ್ಕೊಂಡು ಬಂದಿದ್ದೀನಿ," ಅಂದ ಬಾರ್ನಿ. "ಈಗ ಕೇಳಿ."

"ಕೂತ್ಕೊಳ್ಳಿ ಕಮಾಂಡರ್," ಅಂದಳು ಮಿಸ್ ಟೀಗ್. "ನಿಮ್ಮ ಹುಡುಗ ಬೆಳಿಗ್ಗೆ ನನ್ನನ್ನ ಕಳ್ಳಿ ಅನ್ನೋದೊಂದು ಬಾಕಿ ಇಟ್ಟ. ನನ್ನ ಪದ್ಧತಿ ಹೇಳ್ತೀನಿ ಕೇಳಿ. ನನ್ನ ತಂದೆ ಕಲಿಸಿದ್ದು. ಚಿಕ್ಕದನ್ನ ಯಾವತ್ತೂ ಚಿಕ್ಕದನ್ನೇ ನೋಡಿ ಹೊಲಿಯಬಾರದು, ದೊಡ್ಡದನ್ನ ನೋಡಿ ಹೊಲೀಬೇಕು. ದೊಡ್ಡದರಲ್ಲಿ ಹೆಸರಿರುತ್ತೆ. ಚಿಕ್ಕದು ಯಾರದು ಅಂತ ಅದು ಬಾಯಿಬಿಡೋದಿಲ್ಲ."

"ದೊಡ್ಡದರ ಹೂವು ಉದುರಿ ಹೋಗಿದೆ ಅಂತ ಎಷ್ಟು ಸಲ ಹೇಳೋದು?"

"ಹೂವು ಉದುರಿದರೆ ಸೂಜಿ ತೂತು ಉಳಿಯುತ್ತಪ್ಪಾ. ದೊಡ್ಡದರ ಹಳೇ ರಿಬ್ಬನ್ನಿನಲ್ಲಿ ನಾನು ಹುಡುಕಿದೆ, ತೂತಿಲ್ಲ." ಅವಳು ಹೆಡ್ಲಿಯ ಕಡೆ ತಿರುಗಿದಳು. ದನಿಯಲ್ಲಿ ಕೊಂಕಿರಲಿಲ್ಲ. "ಆದರೂ ರಿಬ್ಬನ್ನು ನಡುವೆ ಯಾವಾಗಲೋ ಬದಲಾಯಿಸಿರಬಹುದು. ಕಾಗದ ಪತ್ರ ಏನೂ ಬೇಡ. ಹೂವು ನಂದು ಅಂತ ನೀವೊಂದು ಮಾತು ಹೇಳಿ ಸಾಕು. ಎರಡು ನಿಮಿಷದಲ್ಲಿ ಹಾಕಿಕೊಡ್ತೀನಿ."

ಅವಳು ಆಗಲೇ ಸೂಜಿಗೆ ದಾರ ಪೋಣಿಸಿದ್ದಳು. ಮತ್ತೆ ಅದೇ ಪ್ರಶ್ನೆ, ಅಷ್ಟೇ ಸಮಯ, ಒಂದು ಉಸಿರಿನದು. ಬಾರ್ನಿ ಗೆದ್ದವನಂತೆ ಕೈಕಟ್ಟಿ ನಿಂತಿದ್ದ.

"ಬೇಡ," ಅಂದ ಹೆಡ್ಲಿ. "ನೀವು ಮಾಡಿದ್ದೇ ಸರಿ."

"ಅಂಕಲ್?"

"ಆ ಹೂವು ನಂದಲ್ಲ ಬಾರ್ನಿ. ಆ ಪದಕವೂ ನಂದಲ್ಲ. ನಿಮ್ಮಪ್ಪಂದು. ನಿಮ್ಮಮ್ಮ ಅವನಿಗೋಸ್ಕರ ಕೊಂಡಿದ್ದು." ಮಿಸ್ ಟೀಗ್ ಕಡೆ ನೋಡಿದ. "ಅದನ್ನ ಸಾಲಿನಿಂದ ಬಿಡಿಸಿ. ಹೂವು ಅದರ ಮೇಲೆ ಹೊಲಿದು ಇವನಿಗೆ ಕೊಡಿ. ನನಗೆ ಉಳಿದ ಮೂರೇ ಸಾಕು."

ಮಿಸ್ ಟೀಗ್ ದೀಪವನ್ನು ಹತ್ತಿರ ಎಳೆದುಕೊಂಡಳು. ದಾರ ಬಿಡಿಸಿ, ಹೂವು ಕೂರಿಸಿ, ಪಿನ್ನು ಹಾಕಿ ಮುಗಿಸಿದಳು. ಕೊಡುವಾಗ ಬಾರ್ನಿಗೆ ಅಂದಳು, "ತಂದೆಯದನ್ನ ಬಲಗಡೆ ಎದೆಗೆ ಹಾಕಬೇಕು. ಎಡಗಡೆ ಸ್ವಂತದ್ದಕ್ಕೆ."

ವಾಪಸು ದೋಣಿ ಹತ್ತಿದಾಗ ಬಾರ್ನಿ ಮೇಲಿನ ಡೆಕ್ಕಿಗೆ ಹೋದ. ಹೆಡ್ಲಿ ಹಿಂದೆ ಹೋಗಿ ಒಂದು ಬೆಂಚು ಬಿಟ್ಟು ಕೂತ. ಇಂಜಿನ್ ಗುಡುಗುಡು ಎಂದಮೇಲೆ ಬಾರ್ನಿ ನೀರಿನ ಕಡೆ ನೋಡುತ್ತಲೇ ಕೇಳಿದ.

"ನೀವೆಲ್ಲಿದ್ರಿ?"

"ಅಸೆನ್ಷನ್‌ನಲ್ಲಿ. ಮೂರೂವರೆ ಸಾವಿರ ಮೈಲಿ ಮೇಲೆ. ಉಣ್ಣೆ ಕಾಲುಚೀಲ, ಡಬ್ಬದ ಮಾಂಸ ಇವನ್ನೆಲ್ಲ ಬಲೆಗೆ ತುಂಬಿ ಹೆಲಿಕಾಪ್ಟರಿಗೆ ಕಟ್ಟಿ ಹಡಗಿಗೆ ಕಳಿಸ್ತಿದ್ದೆ. ನಾನೂ ನಿಮ್ಮಪ್ಪನೂ ಒಂದೇ ಡೇರೆ."

"ಟೋಪಿ?"

"ಇಲ್ಲ."

"ಬೀಸಲೇ ಇಲ್ಲ."

"ಬೀಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡಿಲ್ಲ. ನೀನು ಅಳ್ತಾ ಇದ್ದೆ. ಬಾಯಿಗೆ ಬಂದದ್ದು ಹೇಳಿದೆ."

ಬಾರ್ನಿ ಕಂಬಿ ಹಿಡಿದುಕೊಂಡ. "ನನ್ನ ಮಗಳು ಅದನ್ನ ಚಿತ್ರ ಬರೆದು ಶಾಲೆಗೆ ತಗೊಂಡು ಹೋಗಿದ್ದಳು. ಅಮ್ಮ ಸಾಯೋ ಹೊತ್ತಿಗೆ ಅವಳ ಕೈ ಹಿಡ್ಕೊಂಡು ನಾನು ಹೇಳಿದ್ದು ಅದನ್ನೇ."

ದೋಣಿ ಗಾಸ್‌ಪೋರ್ಟಿನ ದಡಕ್ಕೆ ತಾಗಿತು. ಜನ ಇಳಿದರು. ಅವರಿಬ್ಬರೂ ಏಳಲಿಲ್ಲ. ಟ್ರಿಶ್ ಮೆಟ್ಟಿಲ ಬುಡದಿಂದ ಕೂಗಿದಳು, "ಬಾರ್ನಿ, ನಿನ್ನ ಊರು ಬಂತು ಕಣೋ. ಗುರುತು ಸಿಗಲಿಲ್ಲವಾ?" ತಲೆ ಎತ್ತಿ ಇಬ್ಬರನ್ನೂ ನೋಡಿ ಹಗ್ಗ ಬಿಚ್ಚಿದಳು. ದೋಣಿ ಮತ್ತೆ ಹೊರಟಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಸುಳ್ಳು ಹೇಳಿದ್ದೆ, ಒಪ್ಪಿಕೊಂಡೆ, ಮುಗಿಯಿತು ಅನ್ನಬಹುದಿತ್ತು. ಹೂವಿನ ಕೆಳಗೆ ಇನ್ನೊಂದು ಗುಟ್ಟು ಇರುವುದು ಹಿಲರಿಗೂ ಗೊತ್ತಿರಲಿಲ್ಲ. ಹೆಡ್ಲಿ ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಒತ್ತಿಕೊಂಡ.

"ಇನ್ನೊಂದಿದೆ. ಮೆರಿವೇಲ್‌ಗೆ ಒಬ್ಬ ಅಧಿಕಾರಿ ಬೇಕು ಅಂತ ಸಂದೇಶ ಬಂದಾಗ ಕರೆದದ್ದು ನನ್ನ ಹೆಸರು. ನಿಮ್ಮಪ್ಪಂದಲ್ಲ. ಆವತ್ತು ನನಗೆ ಹೊಟ್ಟೆ ಕೆಟ್ಟಿತ್ತು. ನಿಜವಾಗಿ ಕೆಟ್ಟಿತ್ತು, ಡೇರೆಗೂ ಕಕ್ಕಸಿಗೂ ಓಡಾಡಿ ಸಾಕಾಗಿದ್ದೆ. ಪಿಯರ್ಸ್ ನೋಡಿ ನಕ್ಕ. ನೀನು ಹೋದರೆ ಶತ್ರುಗಳಿಗೆ ಬಾಂಬಿನ ಖರ್ಚು ಉಳಿಯುತ್ತೆ, ನಾನೇ ಹೋಗ್ತೀನಿ ಬಿಡು ಅಂದ. ಬೆಳಿಗ್ಗೆ ಆರಕ್ಕೆ ಹೆಲಿಕಾಪ್ಟರ್. ಐದಕ್ಕೆ ನನಗೆ ಎಚ್ಚರ ಆಯ್ತು."

ಬಾರ್ನಿ ಈ ಕಡೆ ತಿರುಗಿದ್ದ.

"ಹೊಟ್ಟೆ ಸರಿಯಾಗಿತ್ತು ಬಾರ್ನಿ. ಹಸಿವು ಕೂಡ ಆಗ್ತಿತ್ತು. ಅವನು ಕತ್ತಲಲ್ಲಿ ಚೀಲ ಕಟ್ಟುತ್ತಾ, ಹೆಡ್, ಹೇಗಿದ್ದೀಯೋ ಅಂದ. ನಾನು ಡೇರೆಯ ಬಟ್ಟೆ ಕಡೆ ಮುಖ ಮಾಡಿಕೊಂಡು ನರಳಿದೆ. ಅಷ್ಟೇ ಮಾಡಿದ್ದು. ನರಳಿದೆ."

ಕಡಲಹಕ್ಕಿಯೊಂದು ಕಂಬಿಯ ಮೇಲೆ ಬಂದು ಕೂತು, ತಿನ್ನಲು ಏನೂ ಇಲ್ಲವೆಂದು ನೋಡಿ ಹಾರಿಹೋಯಿತು. ಪೋರ್ಟ್ಸ್‌ಮತ್‌ನ ದಡ ಬಂತು. ಜನ ಹತ್ತಿದರು. ಸೀಗಡಿಯ ಪೊಟ್ಟಣ ಹಿಡಿದಿದ್ದ ಒಬ್ಬಳು ಇಬ್ಬರ ನಡುವಿನ ಬೆಂಚಿನಲ್ಲಿ ಕೂರಲು ಬಂದು, ಮುಖಗಳನ್ನು ನೋಡಿ ಕೆಳಗಿಳಿದು ಹೋದಳು.

ಬಾರ್ನಿ ಕೋಟಿನ ಒಳಜೇಬಿನಿಂದ ಮಡಿಸಿದ ಕಾಗದ ತೆಗೆದ. ಸಂಜೆಯ ಭಾಷಣ. ಎರಡು ಹಾಳೆ. ಎರಡನೆಯದನ್ನು ಬೇರೆ ಮಾಡಿ ಕಣ್ಣಾಡಿಸಿ ಅಂದ, "ಇದಷ್ಟೂ ಟೋಪಿಯೇ."

"ನಾನು ಬರೋದಿಲ್ಲ ಇವತ್ತು. ಹುಷಾರಿಲ್ಲ ಅಂತ..."

"ಹೊಟ್ಟೆ ಕೆಟ್ಟಿದೆಯಾ?"

ಹೆಡ್ಲಿ ಪದಕದ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡ.

"ಬರಬೇಕು," ಅಂದ ಬಾರ್ನಿ. ದನಿ ಏರಿರಲಿಲ್ಲ. "ನನ್ನ ಪಕ್ಕ ಕೂರಬೇಡಿ. ಆಚೆ ತುದಿಗೆ ಕೂತ್ಕೊಳ್ಳಿ. ಆ ಮೂರು ಪದಕ ಹಾಕ್ಕೊಂಡು ಬನ್ನಿ. ನಾಲ್ಕನೇದು ಎಲ್ಲಿ ಅಂತ ಯಾರಾದರೂ ಕೇಳಿದರೆ ನೀವೇ ಹೇಳ್ಕೊಳ್ಳಿ. ನಾನು ಹೇಳೋದಿಲ್ಲ."

"ಆಗಲಿ."

"ಮುಂದಿನದು ನನಗೆ ಗೊತ್ತಿಲ್ಲ. ಭಾನುವಾರ ಮಗಳನ್ನ ಕರ್ಕೊಂಡು ಬರ್ತೀನೋ ಇಲ್ಲವೋ, ಅದನ್ನ ಈಗ ಕೇಳಬೇಡಿ."

"ಕೇಳಲ್ಲ."

ದೋಣಿ ಬಂದರಿನ ನಡುವೆ ಬಂದಿತ್ತು. ಬಾರ್ನಿ ಆ ಹಾಳೆಯನ್ನು ಹರಿಯುತ್ತಾನೆ ಅಂದುಕೊಂಡ ಹೆಡ್ಲಿ. ಅವನು ಹರಿಯಲಿಲ್ಲ. ಖಾಲಿ ಬೆನ್ನನ್ನು ಮೇಲೆ ಮಾಡಿ ಮಂಡಿಯ ಮೇಲಿಟ್ಟುಕೊಂಡು, ಜೇಬಿನಲ್ಲಿ ಪೆನ್ನು ತಡಕಿದ.

"ಏಳು ಗಂಟೆಗೆ ಊಟ. ನನ್ನ ಹತ್ರ ಅರ್ಧ ಭಾಷಣ ಇದೆ, ಅದರಲ್ಲಿ ಅಪ್ಪನೇ ಇಲ್ಲ. ಆ ಡೇರೆಯಲ್ಲಿ ಎಷ್ಟು ದಿನ ಇದ್ರಿ ನೀವಿಬ್ಬರೂ?"

"ಹದಿನೆಂಟು ದಿನ."

"ನೀವು ಕಣ್ಣಾರೆ ನೋಡಿದ್ದು ಹೇಳಿ. ಚೆಂದ ಮಾಡಬೇಡಿ."

ಹೆಡ್ಲಿ ಕಣ್ಣು ಮುಚ್ಚಿದ. ನಲವತ್ತೆರಡು ವರ್ಷ ಆ ಡೇರೆಯೊಳಗೆ ಅವನು ಹಣಕಿರಲಿಲ್ಲ. ಐದು ಗಂಟೆಯ ಆ ಕತ್ತಲು ಬಾಗಿಲಲ್ಲೇ ನಿಂತಿರುತ್ತಿತ್ತು. ಈಗ ಅದನ್ನು ದಾಟಿ ಒಳಗೆ ಹೋದರೆ ಸಾಮಾನುಗಳೆಲ್ಲ ಇದ್ದ ಕಡೆಯೇ ಇದ್ದವು.

"ಗೊರಕೆ ಹೊಡೀತಿದ್ದ," ಅಂದ. "ಡೇರೆಯೊಳಗೆ ಏಡಿ ಬರುತ್ತಿದ್ದವು. ಅವಕ್ಕೆ ಹೆದರುತ್ತಿದ್ದ. ಬೂಟನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಿದ್ದ."

ಬಾರ್ನಿ ಬರೆದುಕೊಂಡ.

"ಹೋಗುವಾಗ ನನ್ನ ಸಾಬೂನು ತಗೊಂಡು ಹೋದ. ಅವನದು ಮುಗಿದಿತ್ತು. ವಾಪಸ್ ಕೊಡ್ತೀನಿ ಕಣೋ ಅಂದ."

ಪೆನ್ನು ನಿಂತಿತು. ಗಾಸ್‌ಪೋರ್ಟಿನ ದಡ ಹತ್ತಿರವಾಗುತ್ತಿತ್ತು. ಟ್ರಿಶ್ ಹಗ್ಗ ಹಿಡಿದು ನಿಂತಿದ್ದಳು. ಬಾರ್ನಿ ಕಾಗದದಿಂದ ಕಣ್ಣೆತ್ತದೆ ಕೇಳಿದ.

"ಯಾವ ಬಣ್ಣ, ಸಾಬೂನು?"

"ಹಸಿರು," ಅಂದ ಹೆಡ್ಲಿ. "ಅರ್ಧ ಸವೆದಿತ್ತು."